ಕೆಟ್ಟ ದಿನದ ತಾಲೀಮು

ಜನಸೇವೆಯ ಸಾಫ್ಟ್‌ವೇರ್ ಹುಟ್ಟುವುದು ಬೆಂಗಳೂರಿನ ಒಳ್ಳೆಯ ದಿನದಲ್ಲಿ, ಬಾಳಬೇಕಾದದ್ದು ನಿಟ್ಟೂರಿನ ಮಳೆಗಾಲದಲ್ಲಿ. ಆ ಮಳೆಗಾಲವನ್ನು ಮೊದಲೇ ಪ್ರೋಗ್ರಾಮರ್ ಮೇಜಿಗೆ ಕರೆಸಿಕೊಳ್ಳುವ ಉಪಾಯವೊಂದಿದೆ. ಅದರ ಹೆಸರು ಮಾಕ್ ಆಬ್ಜೆಕ್ಟ್.

"ಸರ್ವರ್ ಇಲ್ಲ ಗೌಡ್ರೆ, ನಾಳೆ ಬನ್ನಿ."

ಕೊಲ್ಲೂರಿನಿಂದ ಘಟ್ಟ ಹತ್ತಿ ನಗರ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ, ಕೊಡಚಾದ್ರಿಯ ಬುಡದಲ್ಲಿದೆ ನಿಟ್ಟೂರು. ಅಲ್ಲಾಗಲಿ, ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಯ ಇನ್ನಾವ ಊರಲ್ಲಾಗಲಿ ಈ ಮಾತು ಕೇಳದವರು ಕಡಿಮೆ. ಪಹಣಿಗೆ ಹೋದರೂ ಇದೇ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಹೋದರೂ ಇದೇ, ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿದರೂ ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಇನ್ನಷ್ಟು ಬಲ. ಕರ್ನಾಟಕದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದಾದ ಹುಲಿಕಲ್ ಇದೇ ಹೊಸನಗರ ತಾಲ್ಲೂಕಿನಲ್ಲಿದೆ ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು.

ಕೌಂಟರಿನ ಆಚೆ ನಿಂತವರಿಗೆ "ಸರ್ವರ್ ಇಲ್ಲ" ಎಂಬುದು ಒಂದೇ ತೊಂದರೆ. ಒಳಗೆ ಅದು ಹತ್ತು ತೊಂದರೆಗಳ ಕಂತೆ. ಮರ ಬಿದ್ದು ಕೇಬಲ್ ತುಂಡಾಗಿರಬಹುದು. ಕರೆಂಟ್ ಹೋಗಿ ಟವರಿನ ಬ್ಯಾಟರಿ ಬರಿದಾಗಿರಬಹುದು. ಬೆಂಗಳೂರಿನ ಸರ್ವರ್ ಚೆನ್ನಾಗಿಯೇ ಇದ್ದು, ಅದು ಮಾಹಿತಿ ಕೇಳುವ ಇನ್ನೊಂದು ಇಲಾಖೆಯ ಸರ್ವರ್ ಮಲಗಿರಬಹುದು. ಫಾರಂ ತುಂಬುವಷ್ಟರಲ್ಲಿ ಲಾಗಿನ್ ಅವಧಿ ಮುಗಿದಿರಬಹುದು. ಎಲ್ಲಕ್ಕಿಂತ ಕಷ್ಟದ್ದು, ಹಣ ಖಾತೆಯಿಂದ ಹೋಗಿಯೂ "ಬಂತು" ಎಂಬ ಉತ್ತರ ದಾರಿಯಲ್ಲೇ ಕಳೆದುಹೋಗಿರಬಹುದು. ಒಳ್ಳೆಯ ಸಾಫ್ಟ್‌ವೇರ್ ಇವನ್ನೆಲ್ಲ ಬೇರೆಬೇರೆಯಾಗಿ ಗುರುತಿಸಿ, ಪ್ರತಿಯೊಂದಕ್ಕೂ ತಕ್ಕಂತೆ ನಡೆದುಕೊಳ್ಳಬೇಕು. ಆದರೆ ಅದನ್ನು ಬರೆದವರು ಕುಳಿತಿರುವುದು 300 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ವೇಗದ ಇಂಟರ್‌ನೆಟ್ಟಿನ ಪಕ್ಕದಲ್ಲಿ, ಯುಪಿಎಸ್‌ನ ಆಸರೆಯಲ್ಲಿ. ಕೇಳಿದ್ದಕ್ಕೆಲ್ಲ ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಹಾಗಿರುವಾಗ ಉತ್ತರ ಬಾರದ ದಿನ ತಮ್ಮ ಕೋಡ್ ಏನು ಮಾಡುತ್ತದೆ ಎಂದು ಅವರಿಗೆ ತಿಳಿಯುವುದು ಹೇಗೆ?

ತಿಳಿಯಲು ದಾರಿ ಇದೆ. ಅದು ಕಾಲು ಶತಮಾನದಷ್ಟು ಹಳೆಯದು, ಖರ್ಚು ಕಡಿಮೆ, ಸಾಫ್ಟ್‌ವೇರ್ ಕಲಿತವರಿಗೆಲ್ಲ ಗೊತ್ತಿರುವಂಥದ್ದು. ಆದರೂ ಬಹಳ ಕಡೆ ಅದನ್ನು ಒಳ್ಳೆಯ ದಿನವನ್ನು ಇನ್ನೊಮ್ಮೆ ಸಾಬೀತು ಮಾಡಲು ಬಳಸುತ್ತಾರೆ. ಈ ಲೇಖನದ ತಕರಾರು ಇಷ್ಟೇ: ಮಾಕ್ ಆಬ್ಜೆಕ್ಟ್‌ನ ನಿಜವಾದ ಕೆಲಸ ಕೆಟ್ಟ ದಿನದ ತಾಲೀಮು.

ಒಂದು ಪಹಣಿಯ ಹಿಂದೆ

ಸರ್ವರಿನ ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ಪಹಣಿಯಿಂದಲೇ ನೋಡೋಣ. ಕರ್ನಾಟಕದ ‘ಭೂಮಿ’ ಯೋಜನೆ ದೇಶದಲ್ಲಿ ಮಾದರಿ ಎನಿಸಿದ್ದು ಸುಮ್ಮನೆ ಅಲ್ಲ. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು 2002ರ ಹೊತ್ತಿಗೆ ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುವಂತಾಯಿತು. ಆಗ ದಾಖಲೆಯೂ ಕಂಪ್ಯೂಟರೂ ಒಂದೇ ಕಟ್ಟಡದಲ್ಲಿದ್ದವು. ಈಗ ಎಲ್ಲವೂ ವೆಬ್ ಮೂಲಕ. ಭೂಮಿಯದೊಂದು ವ್ಯವಸ್ಥೆ, ನೋಂದಣಿಗೆ ‘ಕಾವೇರಿ’, ಅಳತೆಗೆ ‘ಮೋಜಿಣಿ’, ಹಣ ಪಾವತಿಗೆ ಮತ್ತೊಂದು. ಒಂದು ಕಾಗದ ಹೊರಬರಲು ಹಲವು ಸರ್ವರ್‌ಗಳು ಪರಸ್ಪರ ಮಾತಾಡಬೇಕು.

ನಾವೇ ಇಂಥದೊಂದು ಪಹಣಿ ಸೇವೆ ಬರೆಯುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಸರ್ವರಿನಲ್ಲಿ ಕೂತು ಈ ಕೆಲಸ ನೋಡಿಕೊಳ್ಳುವ ತುಣುಕನ್ನು ಜಾವಾ ಲೋಕದಲ್ಲಿ ಸರ್ವ್ಲೆಟ್ ಎನ್ನುತ್ತಾರೆ. ಬೇರೆ ಭಾಷೆಗಳಲ್ಲಿ ಕಂಟ್ರೋಲರ್, ಹ್ಯಾಂಡ್ಲರ್ ಎಂಬ ಹೆಸರುಗಳಿವೆ. ಹೆಸರು ಯಾವುದಾದರೂ ದಿನಚರಿ ಒಂದೇ. ಒಂದು ಕೋರಿಕೆ ಬರುತ್ತದೆ: ಊರು ನಿಟ್ಟೂರು, ಸರ್ವೆ ನಂಬರ್ ಇಂತಿಷ್ಟು. ಕೇಳಿದವರು ಲಾಗಿನ್ ಆಗಿದ್ದಾರೆಯೇ ಎಂದು ಸೆಷನ್ ನೋಡಬೇಕು. ಡೇಟಾಬೇಸಿನಿಂದ ದಾಖಲೆ ತರಬೇಕು. ಪಾವತಿ ಗೇಟ್‌ವೇಗೆ ಹೇಳಿ ಶುಲ್ಕ ಪಡೆಯಬೇಕು. ಗಡಿಯಾರ ನೋಡಿ ಸಮಯ ನಮೂದಿಸಬೇಕು. ಕೊನೆಗೆ ಉತ್ತರ ಬರೆದು ಕಳಿಸಬೇಕು.

ಈ ತುಣುಕು ತಾನಾಗಿ ಮಾಡುವ ಕೆಲಸ ಕಡಿಮೆ. ಇವರನ್ನು ಕೇಳು, ಅವರಿಗೆ ಹೇಳು ಎಂಬ ಮಧ್ಯಸ್ಥಿಕೆಯೇ ಜಾಸ್ತಿ. ಅದನ್ನು ಪರೀಕ್ಷಿಸುವ ಕಷ್ಟವೂ ಇಲ್ಲೇ ಇದೆ. ಬಡ್ಡಿ ಲೆಕ್ಕ ಹಾಕುವ ಕೋಡನ್ನು ಪರೀಕ್ಷಿಸುವುದು ಸುಲಭ. ಅಂಕಿ ಕೊಟ್ಟು ಅಂಕಿ ತಾಳೆ ನೋಡಿದರೆ ಮುಗಿಯಿತು. ಮಧ್ಯಸ್ಥನನ್ನು ಪರೀಕ್ಷಿಸಬೇಕಾದರೆ ಅವನ ಸುತ್ತಲಿನವರೆಲ್ಲ ಬೇಕು. ಸರ್ವರ್ ಎಬ್ಬಿಸಬೇಕು, ಡೇಟಾಬೇಸ್ ತುಂಬಬೇಕು, ಬ್ಯಾಂಕಿನವರ ಪರೀಕ್ಷಾ ವ್ಯವಸ್ಥೆ ಎದ್ದಿರಬೇಕು. ಅಷ್ಟೆಲ್ಲ ಮಾಡಿದರೂ ನೋಡಲು ಸಿಗುವುದು ಒಳ್ಳೆಯ ದಿನವೊಂದೇ. "ಈಗ ಒಂದು ಸಲ ಉತ್ತರ ಕೊಡದೆ ಸುಮ್ಮನಿರಿ" ಎಂದು ಬ್ಯಾಂಕಿಗೆ ಹೇಳಲಾಗುತ್ತದೆಯೇ?

ಎದುರು ವೇಷದವರು

ಯಕ್ಷಗಾನದ ಟ್ರಯಲ್ ನೋಡಿದವರಿಗೆ ಮುಂದಿನದು ಅರ್ಥವಾಗುವುದು ಸುಲಭ. ಹುಡುಗನೊಬ್ಬ ಅಭಿಮನ್ಯು ಪಾತ್ರ ಕಲಿಯುತ್ತಿದ್ದರೆ ಎದುರು ವೇಷಕ್ಕೆ ದೊಡ್ಡ ಕಲಾವಿದರೇ ಬರಬೇಕೆಂದಿಲ್ಲ. ಪ್ರಸಂಗ ಬಲ್ಲವರೊಬ್ಬರು ಕುರ್ಚಿಯಲ್ಲಿ ಕೂತು ದ್ರೋಣನ ಮಾತನ್ನು ಬೇಕಾದಷ್ಟೇ ಹೇಳಿದರೆ ಸಾಕು. ಬಣ್ಣ ಇಲ್ಲ, ಕಿರೀಟ ಇಲ್ಲ, ಯುದ್ಧವೂ ಇಲ್ಲ. ಆದರೆ ಹುಡುಗ ಹೇಳಬೇಕಾದ ಮಾತು ಬಿಟ್ಟರೆ, ಹೇಳಬಾರದ್ದನ್ನು ಹೇಳಿದರೆ ಅವರು ಅಲ್ಲೇ ತಡೆದು ತೋರಿಸುತ್ತಾರೆ.

ಮಾಕ್ ಆಬ್ಜೆಕ್ಟ್ ಇಂಥ ಎದುರು ವೇಷಧಾರಿ. ಡೇಟಾಬೇಸ್ ಇರಬೇಕಾದ ಜಾಗದಲ್ಲಿ ಡೇಟಾಬೇಸಿನಂತೆ ಮಾತಾಡುವ ನಾಲ್ಕು ಸಾಲಿನ ಕೋಡ್, ಗೇಟ್‌ವೇ ಜಾಗದಲ್ಲಿ ಗೇಟ್‌ವೇಯಂತೆ ನಟಿಸುವ ಇನ್ನೊಂದು. "ಈ ಸರ್ವೆ ನಂಬರ್ ಕೇಳಿದರೆ ಈ ದಾಖಲೆ ಕೊಡು" ಎಂದು ಮೊದಲೇ ಹೇಳಿಕೊಟ್ಟಿರುತ್ತೇವೆ. ಜೊತೆಗೆ "ಹಣ ಕೇಳುವ ಮಾತು ಸರಿಯಾಗಿ ಒಂದೇ ಸಲ ಬರಬೇಕು, ಮೊತ್ತ ಇಷ್ಟೇ ಇರಬೇಕು" ಎಂದು ನಿರೀಕ್ಷೆಯನ್ನೂ ಕಟ್ಟಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ಅದು ಲೆಕ್ಕ ಒಪ್ಪಿಸುತ್ತದೆ. ಬರೀ ಉತ್ತರ ಕೊಟ್ಟು ಸುಮ್ಮನಿರುವ ನಕಲಿಗೆ ಸ್ಟಬ್ ಎಂದು ಹೆಸರು. ತನ್ನನ್ನು ಏನು ಕೇಳಿದರು, ಎಷ್ಟು ಸಲ ಕೇಳಿದರು ಎಂಬುದರ ಮೇಲೆ ತೀರ್ಪು ಕೊಡುವುದು ಮಾಕ್. ಜೆರಾರ್ಡ್ ಮೆಸ್ಸಾರೋಸ್ 2007ರ ತಮ್ಮ ಪುಸ್ತಕದಲ್ಲಿ ಇವನ್ನೆಲ್ಲ ‘ಟೆಸ್ಟ್ ಡಬಲ್’ ಎಂಬ ಒಂದೇ ಕುಟುಂಬಕ್ಕೆ ಸೇರಿಸಿ ಡಮ್ಮಿ, ಸ್ಟಬ್, ಸ್ಪೈ, ಮಾಕ್, ಫೇಕ್ ಎಂದು ಐದು ಬಗೆ ಮಾಡಿದರು.

ಮಾಕ್‌ನ ಹುಟ್ಟಿನ ಕತೆ ಲಂಡನ್ನಿನದು. ಅದಕ್ಕೂ ಮೊದಲು, 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕುಳಿತು ‘ಜೆಯೂನಿಟ್’ ಎಂಬ ಪರೀಕ್ಷಾ ಸಾಧನ ಬರೆದಿದ್ದರು. ಕೋಡಿನ ಸಣ್ಣ ತುಣುಕನ್ನು ಅದರ ಪಾಡಿಗೆ ಪರೀಕ್ಷಿಸುವ ಯೂನಿಟ್ ಟೆಸ್ಟ್ ಎಂಬ ಅಭ್ಯಾಸ ಅದರಿಂದ ಎಲ್ಲೆಡೆ ಹರಡಿತು. ಆದರೆ ಅಕ್ಕಪಕ್ಕದವರನ್ನು ನೆಚ್ಚಿಕೊಂಡ ತುಣುಕಿಗೆ ಏನು ಮಾಡುವುದು? ಲಂಡನ್ನಿನ ಕನೆಕ್ಸ್‌ಟ್ರಾ ಎಂಬ ಕಂಪನಿಯಲ್ಲಿ ಜಾನ್ ನೋಲನ್ ತಮ್ಮ ಬಳಗಕ್ಕೆ ಒಂದು ಸವಾಲು ಹಾಕಿದರು: ಒಳಗಿನ ಮಾಹಿತಿಯನ್ನು ಹೊರಗೆಳೆದು ನೋಡುವ ‘ಗೆಟರ್’ಗಳಿಲ್ಲದೆ ಕೋಡ್ ಬರೆಯಿರಿ. ಒಳಗೆ ಇಣುಕುವಂತಿಲ್ಲ ಎಂದ ಮೇಲೆ, ವಸ್ತು ತನ್ನ ನೆರೆಯವರೊಂದಿಗೆ ಆಡುವ ಮಾತನ್ನೇ ಆಲಿಸಬೇಕಾಯಿತು. ಆ ಗುಂಪಿನ ಟಿಮ್ ಮ್ಯಾಕಿನನ್, ಸ್ಟೀವ್ ಫ್ರೀಮನ್ ಮತ್ತು ಫಿಲಿಪ್ ಕ್ರೇಗ್ 2000ದಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದ ಸಮ್ಮೇಳನದಲ್ಲಿ ‘ಎಂಡೋ-ಟೆಸ್ಟಿಂಗ್’ ಎಂಬ ಪ್ರಬಂಧ ಮಂಡಿಸಿದರು. ಮಾಕ್ ಆಬ್ಜೆಕ್ಟ್ ಎಂಬ ಮಾತು ಲೋಕಕ್ಕೆ ಪರಿಚಯವಾದದ್ದು ಅಲ್ಲಿಂದ.

ಸರ್ವರ್ ಬದಿಯ ಕೋಡಿಗೆ ಇದು ಕೂಡಲೇ ಹಿಡಿಸಿತು. ಸರ್ವ್ಲೆಟ್‌ಗೆ ಕೋರಿಕೆಯೂ ಉತ್ತರವೂ ಹೊರಗಿನಿಂದಲೇ ಕೈಗೆ ಬರುತ್ತವೆ. ಕೊಟ್ಟವರು ನಿಜವಾದ ಸರ್ವರೋ ನಕಲಿಯೋ ಎಂದು ಅದಕ್ಕೆ ತಿಳಿಯುವುದಿಲ್ಲ. ಮೊದಮೊದಲು ಈ ನಕಲಿಗಳನ್ನು ಕೈಯಿಂದಲೇ ಬರೆಯಬೇಕಿತ್ತು. ಕೋರಿಕೆಯೊಂದಕ್ಕೇ ಹತ್ತಾರು ವಿಧಾನಗಳಿದ್ದು, ಬೇಕಾದ್ದು ಎರಡಾದರೂ ಎಲ್ಲವನ್ನೂ ತುಂಬಬೇಕಿತ್ತು. ಜಾವಾದ 2000ದ ಆವೃತ್ತಿಯಲ್ಲಿ, ಪ್ರೋಗ್ರಾಮ್ ಓಡುತ್ತಿರುವಾಗಲೇ ಇಂಥ ನಕಲಿಯನ್ನು ಸೃಷ್ಟಿಸುವ ಸೌಲಭ್ಯ ಬಂತು. ಅದರ ಬೆನ್ನಿಗೆ 2001ರಲ್ಲಿ ಟಾಮೊ ಫ್ರೀಸೆ ಅವರ ಈಸಿಮಾಕ್, ಆಮೇಲೆ ಜೆಮಾಕ್, 2008ರ ಹೊತ್ತಿಗೆ ಶ್ಚೆಪಾನ್ ಫಾಬರ್ ಅವರ ಮೊಕಿಟೊ ಎಂಬ ಸಾಧನಗಳು ಬಂದವು. ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟಿನವರು ಸರ್ವ್ಲೆಟ್ ಕೋರಿಕೆ-ಉತ್ತರಗಳ ಸಿದ್ಧ ನಕಲಿಗಳನ್ನೇ ಕೊಟ್ಟರು. 2012ರಲ್ಲಿ ಪೈಥಾನ್ ಭಾಷೆ ಮಾಕನ್ನು ತನ್ನ ಮೂಲ ಸಾಮಗ್ರಿಗೇ ಸೇರಿಸಿಕೊಂಡಿತು. ಈಗ ಯಾವ ಭಾಷೆಯಲ್ಲಿ ಬರೆದರೂ ಮಾಕ್ ಕೈಗೆಟುಕುತ್ತದೆ.

ಹಣ ಹೋಯಿತು, ಪಹಣಿ ಬರಲಿಲ್ಲ

ಈಗ ಕೆಟ್ಟ ದಿನಕ್ಕೆ ಬರೋಣ. ನಮ್ಮ ಪಹಣಿ ಸೇವೆಯ ಪಾವತಿ ಗೇಟ್‌ವೇಯ ಜಾಗದಲ್ಲಿ ಒಂದು ಮಾಕ್ ಕೂರಿಸಿ, ಅದಕ್ಕೆ ಹೇಳಿಕೊಡುತ್ತೇವೆ: "ಹಣ ಕೇಳಿದಾಗ ಉತ್ತರ ಕೊಡಬೇಡ, ಟೈಮ್‌ಔಟ್ ಆಯಿತೆನ್ನು." ನಿಟ್ಟೂರಿನ ಮಳೆಗೆ ಕಾಯಬೇಕಿಲ್ಲ, ಮೂವತ್ತು ಸೆಕೆಂಡೂ ಕಾಯಬೇಕಿಲ್ಲ. ಪರೀಕ್ಷೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ.

ಆಗ ನಮ್ಮ ಕೋಡ್ ಏನು ಮಾಡಬೇಕು? ಅವಸರದಲ್ಲಿ ಬರೆದದ್ದಾದರೆ "ಆಗಲಿಲ್ಲ" ಎಂದುಕೊಂಡು ಮತ್ತೊಮ್ಮೆ ಹಣ ಕೇಳುತ್ತದೆ. ಇದೇ ದೊಡ್ಡ ಅಪಾಯ. ಉತ್ತರ ಬರಲಿಲ್ಲವೆಂದರೆ ಕೆಲಸ ಆಗಲಿಲ್ಲವೆಂದು ಅರ್ಥವಲ್ಲ. ಆಗಿ, ಸುದ್ದಿ ಮಾತ್ರ ತಲುಪದೆ ಇರಬಹುದು. ಆದ್ದರಿಂದ ಕೋಡ್ ಎರಡನೇ ಸಲ ಹಣ ಕೇಳಕೂಡದು. ಅದೇ ವ್ಯವಹಾರ ಸಂಖ್ಯೆ ಹಿಡಿದು "ಇದರ ಸ್ಥಿತಿ ಏನು?" ಎಂದು ವಿಚಾರಿಸಬೇಕು. ಪಾವತಿಯಾಗಿದ್ದರೆ ಪಹಣಿ ಕೊಡಬೇಕು. ಅದಕ್ಕೂ ಉತ್ತರವಿಲ್ಲದಿದ್ದರೆ "ಬಾಕಿ" ಎಂದು ಬರೆದಿಟ್ಟುಕೊಂಡು, ವ್ಯವಹಾರ ಸಂಖ್ಯೆಯನ್ನು ತೆರೆಯ ಮೇಲೆ ತೋರಿಸಿ, "ಮತ್ತೆ ಹಣ ಕಟ್ಟಬೇಡಿ" ಎಂದು ಸ್ಪಷ್ಟವಾಗಿ ಹೇಳಬೇಕು. ಇಷ್ಟನ್ನೂ ಮಾಕ್ ಪರಿಶೀಲಿಸಿ ಹೇಳಬಲ್ಲದು: ಹಣದ ಕರೆ ಒಂದು, ಸ್ಥಿತಿಯ ಕರೆ ಕನಿಷ್ಠ ಒಂದು, ಸಂಖ್ಯೆ ಎರಡರಲ್ಲೂ ಒಂದೇ. ಎರಡನೇ ಸಲ ಹಣ ಕೇಳಿದ ಕೋಡ್ ಅಲ್ಲೇ ಸಿಕ್ಕಿಬೀಳುತ್ತದೆ, ಕೌಂಟರಿನವರೆಗೆ ಬರುವುದೇ ಇಲ್ಲ.

ಇದು ಎಲ್ಲೋ ಒಮ್ಮೆ ಆಗುವ ವಿಷಯವಲ್ಲ. ಯುಪಿಐ ಪಾವತಿಯಲ್ಲಿ ಹಣ ಕಡಿತವಾಗಿಯೂ ಮುಟ್ಟಬೇಕಾದವರಿಗೆ ಮುಟ್ಟದಿದ್ದರೆ ಎಷ್ಟು ದಿನದೊಳಗೆ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಹೇಗೆ ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿದೆ. ನಿಯಮ ಮಾಡಬೇಕಾಗಿ ಬಂದಷ್ಟು ಸಾಮಾನ್ಯವಾದ ಘಟನೆಯನ್ನು ಪರೀಕ್ಷಿಸದೆ ಬಿಡುವುದಕ್ಕೆ ಕಾರಣ ಹೇಳುವುದು ಕಷ್ಟ.

ಗಡಿಯಾರಕ್ಕೂ ಮಾಕ್ ಹಾಕಬಹುದು. ಟಾಮ್‌ಕ್ಯಾಟ್‌ನಂಥ ಸರ್ವರ್ ಸಾಮಾನ್ಯವಾಗಿ 30 ನಿಮಿಷ ಅಲುಗಾಟವಿಲ್ಲದಿದ್ದರೆ ಸೆಷನ್ ಮುಗಿಸುತ್ತದೆ. ಬೆಂಗಳೂರಿನಲ್ಲಿ ಎರಡು ನಿಮಿಷಕ್ಕೆ ತುಂಬುವ ಅರ್ಜಿ, ಪುಟ ತೆರೆಯಲು ತಿಣುಕುವ ನೆಟ್‌ವರ್ಕಿನಲ್ಲಿ, ನಡುವೆ ಕರೆಂಟ್ ಹೋಗಿ ಬಂದರೆ, ಅರ್ಧ ಗಂಟೆ ದಾಟುತ್ತದೆ. ಆಗ "ಸಲ್ಲಿಸು" ಒತ್ತಿದರೆ ಏನಾಗುತ್ತದೆ? ತುಂಬಿದ್ದೆಲ್ಲ ಮಾಯವಾಗಿ ಲಾಗಿನ್ ಪುಟ ಬರುತ್ತದೆಯೋ, ಕರಡು ಉಳಿಯುತ್ತದೆಯೋ? ಇದನ್ನು ತಿಳಿಯಲು ಯಾರೂ ಅರ್ಧ ಗಂಟೆ ಕೂರಬೇಕಿಲ್ಲ. ನಕಲಿ ಗಡಿಯಾರದ ಮುಳ್ಳನ್ನು 31 ನಿಮಿಷ ಮುಂದೆ ತಿರುಗಿಸಿದರೆ ಸಾಕು.

ಶಿವಪ್ಪ ನಾಯಕನ ಹನ್ನೆರಡು ವರ್ಷ

ಜಾರಿಗೆ ತರುವ ಮೊದಲು ನಕಲಿಯ ಮೇಲೆ ಪರೀಕ್ಷಿಸು, ಕೆಟ್ಟ ದಿನವನ್ನೂ ಸೇರಿಸಿಕೊಂಡು ಪರೀಕ್ಷಿಸು ಎಂಬ ವಿವೇಕ ಈ ಸೀಮೆಗೆ ಹೊಸದಲ್ಲ. ನಿಟ್ಟೂರಿಗೆ ಹತ್ತಿರದ ನಗರ ಎಂಬ ಊರು ಒಂದು ಕಾಲಕ್ಕೆ ಬಿದನೂರು, ಕೆಳದಿ ಅರಸರ ರಾಜಧಾನಿ. ಅಲ್ಲಿ 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಭೂಕಂದಾಯದ ಏರ್ಪಾಡು ‘ಶಿಸ್ತು’ ಎಂದೇ ಹೆಸರಾಯಿತು. ಮೈಸೂರು ಗೆಜೆಟಿಯರ್ ಹೇಳುವಂತೆ, ನೆಲವನ್ನು ಗುಣಕ್ಕೆ ತಕ್ಕಂತೆ ವಿಂಗಡಿಸಿ, ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಒಂದೊಂದು ಗದ್ದೆಯನ್ನು ಅವನು ತನ್ನ ಖರ್ಚಿನಲ್ಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆ, ಅದರ ಬೆಲೆ ಎಲ್ಲವನ್ನೂ ಬರೆಯಿಸಿ, ಸರಾಸರಿ ತೆಗೆದು, ಆಮೇಲೆ ಕಂದಾಯದ ದರ ಗೊತ್ತುಮಾಡಿದ.

ಇಲ್ಲಿ ಗಮನಿಸಬೇಕಾದದ್ದು ಎರಡು. ಪ್ರಯೋಗದ ನಷ್ಟ ರೈತನ ಗದ್ದೆಯ ಮೇಲೆ ಬೀಳಲಿಲ್ಲ, ಅರಸನ ಗದ್ದೆಯ ಮೇಲೆ ಬಿತ್ತು. ಎರಡನೆಯದು, ಒಂದು ವರ್ಷ ಸಾಲದೆಂದು ಅವನಿಗೆ ಗೊತ್ತಿತ್ತು. ಹನ್ನೆರಡು ವರ್ಷದಲ್ಲಿ ಅತಿವೃಷ್ಟಿಯೂ ಬರುತ್ತದೆ, ಹುಳವೂ ಬೀಳುತ್ತದೆ, ಬೆಲೆಯೂ ಕುಸಿಯುತ್ತದೆ. ಒಂದೇ ಸುಭಿಕ್ಷದ ವರ್ಷ ನೋಡಿ ದರ ಹಾಕಿದ್ದರೆ ಅದು ಶಿಸ್ತು ಎನಿಸುತ್ತಿರಲಿಲ್ಲ. ಇಂದಿನ ಎಷ್ಟೋ ಸೇವೆಗಳ ಪರೀಕ್ಷಾ ಪಟ್ಟಿ ಒಂದೇ ಸುಭಿಕ್ಷದ ವರ್ಷದ್ದು. ಮಾಕ್‌ಗೆ ಹೇಳಿಕೊಟ್ಟ ಉತ್ತರಗಳೆಲ್ಲ "ಆಯಿತು, ಆಯಿತು" ಎನ್ನುತ್ತವೆ. ಪರೀಕ್ಷೆಗಳೆಲ್ಲ ಹಸಿರು ಬಣ್ಣಕ್ಕೆ ತಿರುಗುತ್ತವೆ, ಬಣ್ಣ ನೋಡಿ ಬಿಡುಗಡೆ ನಡೆಯುತ್ತದೆ.

ನಮ್ಮ ಕಾಲದ ಉದಾಹರಣೆ ಬೇಕಾದರೆ ಚಳ್ಳಕೆರೆಗೆ ಹೋಗಬಹುದು. ಚಂದ್ರಯಾನ-2ರ ಲ್ಯಾಂಡರ್‌ನ ಸೆನ್ಸರ್‌ಗಳನ್ನು ಪರೀಕ್ಷಿಸಲು ಇಸ್ರೊ ಅಲ್ಲಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿತ್ತು. ಆದರೂ 2019ರ ಸೆಪ್ಟೆಂಬರ್ 7ರಂದು ಲ್ಯಾಂಡರ್ ನೆಲಕ್ಕಪ್ಪಳಿಸಿತು. ನಕಲಿ ಚಂದ್ರನಿದ್ದರೂ, ಎಲ್ಲೆಲ್ಲಿ ತಪ್ಪಬಹುದೆಂಬ ಪಟ್ಟಿ ಸಾಕಷ್ಟು ಉದ್ದವಿರಲಿಲ್ಲ. ಮುಂದಿನ ಸಲ ಯಶಸ್ಸನ್ನು ಆಧರಿಸಿ ವಿನ್ಯಾಸ ಮಾಡದೆ ವೈಫಲ್ಯವನ್ನು ಆಧರಿಸಿ ಮಾಡಿದ್ದೇವೆ ಎಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದರು: ಸೆನ್ಸರ್ ಕೆಟ್ಟರೆ, ಎಂಜಿನ್ ಕೆಟ್ಟರೆ, ಲೆಕ್ಕ ತಪ್ಪಿದರೆ ಏನು? 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಪಹಣಿಯ ಸಾಫ್ಟ್‌ವೇರಿಗೂ ಕೇಳಬೇಕಾದದ್ದು ಇದೇ ಪ್ರಶ್ನೆ, ಖರ್ಚು ಮಾತ್ರ ತೀರಾ ಕಡಿಮೆ.

ನಕಲಿಯ ಮೋಸ

ಹಾಗೆಂದು ಮಾಕ್ ಸರ್ವರೋಗಕ್ಕೂ ಮದ್ದಲ್ಲ. ಅದು ಮೋಸ ಮಾಡುವ ಜಾಗಗಳನ್ನೂ ತಿಳಿದಿರಬೇಕು. ಅವುಗಳಲ್ಲಿ ಒಂದು ನಮ್ಮ ಲಿಪಿಗೇ ಸಂಬಂಧಿಸಿದ್ದು.

ಯೂನಿಕೋಡಿನಲ್ಲಿ ‘ನಿಟ್ಟೂರು’ ಎಂದು ಬರೆದರೆ ಎಂಟು ಸಂಕೇತಗಳು: ನಕಾರ, ಗುಡಿಸು, ಟಕಾರ, ವಿರಾಮ, ಮತ್ತೆ ಟಕಾರ, ದೀರ್ಘ ಕೊಂಬು, ರಕಾರ, ಕೊಂಬು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಅಲ್ಲಿಗೆ 24 ಬೈಟ್. ಸರ್ವ್ಲೆಟ್‌ನ ಹಳೆಯ ನಿಯಮದ ಪ್ರಕಾರ, ಬ್ರೌಸರ್ ಕಳಿಸಿದ ಫಾರಂ ಯಾವ ಸಂಕೇತಪದ್ಧತಿಯಲ್ಲಿದೆ ಎಂದು ಯಾರೂ ಹೇಳದಿದ್ದರೆ ಸರ್ವರ್ ಅದನ್ನು ಐಎಸ್‌ಒ-8859-1 ಎಂದುಕೊಂಡು ಓದುತ್ತದೆ. ಅದು ಪಶ್ಚಿಮ ಯುರೋಪಿನ ಅಕ್ಷರಗಳದ್ದು, ಒಂದು ಬೈಟ್‌ಗೆ ಒಂದು ಅಕ್ಷರ. ಹೀಗೆ ನಿಟ್ಟೂರು ಎಂಬುದು 24 ಅಕ್ಷರಗಳ ಕಸವಾಗಿ ಡೇಟಾಬೇಸಿಗೆ ಹೋಗುತ್ತದೆ, "ಇಂಥ ಊರಿಲ್ಲ" ಎಂದು ಉತ್ತರ ಬರುತ್ತದೆ. ಮಾಕ್ ಕೋರಿಕೆ ಬಳಸಿ ಪರೀಕ್ಷೆ ಬರೆದರೆ ಈ ದೋಷ ಕಾಣುವುದೇ ಇಲ್ಲ. ಏಕೆಂದರೆ ಅಲ್ಲಿ ಬೈಟ್‌ಗಳೇ ಇಲ್ಲ. ಓದಿ ಮುಗಿಸಿದ ಶುದ್ಧ ‘ನಿಟ್ಟೂರು’ ಪದವನ್ನೇ ಮಾಕ್ ಕೈಗಿಡುತ್ತದೆ. ದೋಷ ಇರುವುದು ನಾವು ನಕಲಿ ಮಾಡಿದ ಜಾಗದಲ್ಲೇ.

ಇನ್ನೊಂದು ಬಗೆಯ ತೊಡಕನ್ನು ಮಾಕ್ ಚೆನ್ನಾಗಿಯೇ ಹಿಡಿಯುತ್ತದೆ, ಕೇಳಿಕೊಂಡರೆ. ‘ಹೊಸನಗರ’ದ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಒಂದು 18 ಬೈಟ್, ಇನ್ನೊಂದು 21. ಮಾಲೀಕರ ಹೆಸರನ್ನು ಒಂದು ಇಲಾಖೆ ಒಂದು ರೀತಿ, ಇನ್ನೊಂದು ಇಲಾಖೆ ಇನ್ನೊಂದು ರೀತಿ ಉಳಿಸಿದ್ದರೆ "ಹೆಸರು ಹೊಂದುತ್ತಿಲ್ಲ" ಎಂದು ಅರ್ಜಿ ತಿರಸ್ಕಾರವಾಗುತ್ತದೆ, ಅಕ್ಷರದಲ್ಲಿ ತಪ್ಪು ಹುಡುಕಿ ಹುಡುಕಿ ಎರಡು ಕಡೆಯವರೂ ಸೋಲುತ್ತಾರೆ. ಮಾಕ್ ಡೇಟಾಬೇಸಿಗೆ ಒಂದು ರೂಪ, ಮಾಕ್ ಕೋರಿಕೆಗೆ ಇನ್ನೊಂದು ರೂಪ ಕೊಟ್ಟು ಪರೀಕ್ಷಿಸಿದರೆ, ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸುವ ಹೆಜ್ಜೆ ಕೋಡಿನಲ್ಲಿ ಇದೆಯೋ ಇಲ್ಲವೋ ತಿಳಿಯುತ್ತದೆ.

ಮೊದಲ ಬಗೆಯ ದೋಷಕ್ಕೆ ನಿಜವಾದ ಸರ್ವರೇ ಬೇಕು. ಈ ವಾದ ಹಳೆಯದು. ಮಾಕ್‌ಗಳು ಹುಟ್ಟಿದ ಕಾಲದಲ್ಲೇ ವಿನ್ಸೆಂಟ್ ಮಸೋಲ್ ‘ಕ್ಯಾಕ್ಟಸ್’ ಎಂಬ ಸಾಧನ ಕಟ್ಟಿ, ಸರ್ವರಿನ ಒಳಗೇ ಪರೀಕ್ಷೆ ನಡೆಸುವ ದಾರಿ ತೋರಿಸಿದ್ದರು. 2003ರ ತಮ್ಮ ಜೆಯೂನಿಟ್ ಪುಸ್ತಕದಲ್ಲಿ ಅವರು ಎರಡೂ ದಾರಿಗಳನ್ನು ವಿವರಿಸಿದ್ದಾರೆ. ಕ್ಯಾಕ್ಟಸ್ 2011ರಲ್ಲಿ ನಿವೃತ್ತವಾಯಿತು, ಅದು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. ಉತ್ತರ ಎರಡರಲ್ಲಿ ಒಂದನ್ನು ಆರಿಸುವುದಲ್ಲ. ನೂರಾರು ಸಣ್ಣ ಪರೀಕ್ಷೆಗಳು ಮಾಕ್ ಮೇಲೆ, ಬೆರಳೆಣಿಕೆಯ ದೊಡ್ಡ ಪರೀಕ್ಷೆಗಳು ನಿಜದ ಸರ್ವರ್ ಮೇಲೆ.

ಮಾಕ್ ಹಳತಾಗುವುದು ಮತ್ತೊಂದು ಮೋಸ. ಗೇಟ್‌ವೇಯವರು ತಮ್ಮ ಉತ್ತರದ ರೂಪ ಬದಲಿಸುತ್ತಾರೆ, ನಮ್ಮ ಮಾಕ್ ಹಳೆಯ ಪಾಠವನ್ನೇ ಒಪ್ಪಿಸುತ್ತಿರುತ್ತದೆ. ಪರೀಕ್ಷೆಗಳೆಲ್ಲ ಪಾಸು, ಕೌಂಟರಿನಲ್ಲಿ ಮಾತ್ರ ಫೇಲು. ಇದಕ್ಕಾಗಿಯೇ ಸ್ಟೀವ್ ಫ್ರೀಮನ್, ನ್ಯಾಟ್ ಪ್ರೈಸ್ ಮೊದಲಾದವರು 2004ರ ಪ್ರಬಂಧದಲ್ಲಿ ನಿಮ್ಮ ಕೈಯಲ್ಲಿಲ್ಲದ್ದನ್ನು ನೇರವಾಗಿ ಮಾಕ್ ಮಾಡಬೇಡಿ ಎಂದು ಎಚ್ಚರಿಸಿದರು. ಹೊರಗಿನವರೊಂದಿಗೆ ಮಾತಾಡಲು ನಮ್ಮದೇ ಒಂದು ತೆಳುವಾದ ಪದರ ಬರೆದು, ಆ ಪದರಕ್ಕೆ ಮಾಕ್ ಹಾಕಬೇಕು. ಪದರವನ್ನು ಗೇಟ್‌ವೇಯ ಪರೀಕ್ಷಾ ವ್ಯವಸ್ಥೆಯ ಎದುರು ಆಗಾಗ ಓಡಿಸಿ, ಮಾಕ್ ಹೇಳುವುದೂ ಅದು ಹೇಳುವುದೂ ಹೊಂದುತ್ತದೆಯೇ ಎಂದು ನೋಡಬೇಕು.

ಅತಿಯಾದ ಕಟ್ಟುನಿಟ್ಟೂ ಕೆಟ್ಟದ್ದೇ. ಯಾವ ಕರೆ ಮೊದಲು, ಯಾವುದು ಆಮೇಲೆ ಎಂದು ಎಲ್ಲವನ್ನೂ ಮಾಕ್‌ಗೆ ಬರೆದುಕೊಟ್ಟರೆ, ಕೋಡನ್ನು ಸುಧಾರಿಸಲು ಕೈ ಹಾಕಿದೊಡನೆ ನೂರು ಪರೀಕ್ಷೆ ಮುರಿಯುತ್ತವೆ. ಮುರಿದದ್ದು ಪರೀಕ್ಷೆಯೇ ಹೊರತು ಸೇವೆಯಲ್ಲ. ಹಣ ಒಂದೇ ಸಲ ಹೋಗಬೇಕು ಎಂಬುದಕ್ಕೆ ಬಿಗಿ ಬೇಕು, ಡೇಟಾಬೇಸನ್ನು ಎಷ್ಟು ಸಲ ಓದಿದರು ಎಂಬುದಕ್ಕೆ ಬೇಡ.

ಇನ್ನು ನೂಕುನುಗ್ಗಲು. 2025ರ ಆರಂಭದಲ್ಲಿ ‘ಕಾವೇರಿ-2’ ವ್ಯವಸ್ಥೆಯ ಮೇಲೆ ಹುಸಿ ಕೋರಿಕೆಗಳ ಸುರಿಮಳೆಯಾಗಿ ರಾಜ್ಯದಾದ್ಯಂತ ನೋಂದಣಿ ಕೆಲಸ ಕುಂಟಿತು. ಇಂಥ ದಾಳಿಯನ್ನು ಸರ್ವರ್ ತಡೆದುಕೊಳ್ಳುತ್ತದೆಯೇ ಎಂದು ಮಾಕ್ ಹೇಳಲಾರದು, ಅದಕ್ಕೆ ಬೇರೆ ಬಗೆಯ ಪರೀಕ್ಷೆ ಬೇಕು. ಆದರೆ ನೋಂದಣಿಯ ಸರ್ವರ್ ಕುಂಟುತ್ತಿರುವಾಗ, ಅದನ್ನು ನೆಚ್ಚಿಕೊಂಡ ಪಕ್ಕದ ಸೇವೆ ತಾನೂ ಕುಸಿಯುತ್ತದೋ, ಇಲ್ಲಾ "ಇದೊಂದು ಮಾಹಿತಿ ಈಗ ಸಿಗುತ್ತಿಲ್ಲ, ಉಳಿದದ್ದು ಇಲ್ಲಿದೆ" ಎನ್ನುತ್ತದೋ ಎಂಬುದನ್ನು ಮಾಕ್ ಖಂಡಿತ ಹೇಳುತ್ತದೆ.

ನೆಟ್‌ವರ್ಕ್ ಬೇಡದ ಕೆಲಸ

ಈ ಉಪಾಯದಿಂದ ಮಲೆನಾಡಿಗೆ ಮತ್ತೊಂದು ಲಾಭವಿದೆ. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದ ಎಂಜಿನಿಯರ್‌ಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು ಎಲ್ಲರಿಗೂ ನೆನಪಿದೆ. 2021ರಲ್ಲಿ ಶರಾವತಿ ಹಿನ್ನೀರಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನವೇ ನಡೆಯಿತು. ಸರ್ವರ್ ಬದಿಯ ಕೋಡ್ ಬರೆಯುವವರಿಗೆ ಪ್ರತಿ ಸಣ್ಣ ಪರೀಕ್ಷೆಗೂ ಕಚೇರಿಯ ಡೇಟಾಬೇಸ್ ಬೇಕು, ವಿಪಿಎನ್ ಬೇಕು ಎಂದಾದರೆ ನಿಟ್ಟೂರಿನಂಥ ಊರಿನಿಂದ ಕೆಲಸ ಆಗದು. ಹೊರಗಿನ ಪ್ರತಿಯೊಂದಕ್ಕೂ ಮಾಕ್ ಇರುವ ಯೋಜನೆಯಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೂ ಬರೆಯಬಹುದು, ಪರೀಕ್ಷಿಸಬಹುದು. ಸಿಗ್ನಲ್ ಸಿಕ್ಕಾಗ ಒಮ್ಮೆ ಕಳಿಸಿದರಾಯಿತು. ನೆಟ್‌ವರ್ಕ್ ಇಲ್ಲದೆ ನಡೆಯುವ ಪರೀಕ್ಷೆ ಎಲ್ಲಿ ಓಡಿಸಿದರೂ ಒಂದೇ ಫಲಿತಾಂಶ ಕೊಡುತ್ತದೆ ಎಂಬುದು ಬೆಂಗಳೂರಿನವರಿಗೂ ಲಾಭವೇ.

ಪಟ್ಟಿ ಬರೆಯಬೇಕಾದವರು ಯಾರು?

ಮಾಕ್‌ಗೆ ಯಾವ ಕೆಟ್ಟ ದಿನ ಕಲಿಸಬೇಕು ಎಂಬುದೇ ಕೊನೆಗೆ ಉಳಿಯುವ ಪ್ರಶ್ನೆ. ಸಾಧನ ಸಿದ್ಧವಿದೆ, ಕಲ್ಪನೆ ಸಾಲದು. ಪ್ರೋಗ್ರಾಮರ್ ತಾನು ಕಂಡ ವೈಫಲ್ಯವನ್ನಷ್ಟೇ ನಟಿಸಬಲ್ಲ. ಮಳೆಗಾಲದ ನಾಡಕಚೇರಿ, ಗ್ರಾಮ ಒನ್ ಕೌಂಟರ್ ಅವನು ಕಂಡಿಲ್ಲ. ಕಂಡವರು ಕೌಂಟರಿನಲ್ಲಿದ್ದಾರೆ. ಯಾವ ಪುಟದಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಗುಂಡಿ ಎರಡು ಸಲ ಒತ್ತಿದರೆ ಎರಡು ಅರ್ಜಿ ಆಗುತ್ತದೆ, ಯಾವ ಸಂದೇಶ ನೋಡಿ ಜನ ಗಾಬರಿಯಾಗುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರ ಅನುಭವ "ಸರ್ವರ್ ಇಲ್ಲ" ಎಂಬ ಒಂದೇ ಮಾತಾಗಿ ಕರಗಿಹೋಗುತ್ತಿದೆ.

ಇದನ್ನು ಸರಿಪಡಿಸಲು ದೊಡ್ಡ ಯೋಜನೆಯೇನೂ ಬೇಡ. ಜಾವಾದಲ್ಲಿ ಪರೀಕ್ಷೆಯ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. 2017ರಲ್ಲಿ ಬಂದ ಜೆಯೂನಿಟ್ 5ರಲ್ಲಿ ಪರೀಕ್ಷೆಗೆ ಪೂರ್ತಿ ವಾಕ್ಯವನ್ನೇ ಹೆಸರಾಗಿ ಕೊಡಬಹುದು. "ಹಣ ಕಡಿತವಾಗಿ ಉತ್ತರ ಬಾರದಿದ್ದರೆ ಎರಡನೇ ಸಲ ಹಣ ಕೇಳಬಾರದು." "ಅರ್ಜಿ ತುಂಬುವಾಗ ಲಾಗಿನ್ ಮುಗಿದರೆ ತುಂಬಿದ್ದು ಅಳಿಯಬಾರದು." "ನೋಂದಣಿ ಸರ್ವರ್ ಉತ್ತರಿಸದಿದ್ದರೂ ಪಹಣಿ ಸಿಗಬೇಕು." ಹೀಗೆ ಬರೆದ ಪಟ್ಟಿ ತಹಶೀಲ್ದಾರರಿಗೂ ಓದಲು ಬರುತ್ತದೆ, ಕೌಂಟರಿನ ಆಪರೇಟರ್‌ಗೂ ಬರುತ್ತದೆ.

ಹಾಗಾಗಿ ಸೇವೆಯ ಟೆಂಡರಿನಲ್ಲಿ ಎರಡು ಸಾಲು ಸೇರಿಸಿದರೆ ಸಾಕು. ಒಂದು, ವೈಫಲ್ಯದ ಪರೀಕ್ಷೆಗಳ ಪಟ್ಟಿಯನ್ನು ಕನ್ನಡದಲ್ಲಿ ಒಪ್ಪಿಸಬೇಕು, ಪ್ರತಿ ಬಿಡುಗಡೆಗೂ ಮುನ್ನ ಅದನ್ನು ಓಡಿಸಿ ತೋರಿಸಬೇಕು. ಎರಡು, ಪ್ರತಿ ಮಳೆಗಾಲ ಮುಗಿದ ಮೇಲೆ ಕೌಂಟರಿನವರು ಕಂಡ ಹೊಸ ತೊಂದರೆಗಳು ಆ ಪಟ್ಟಿಗೆ ಸೇರಬೇಕು. ಮಾಕ್ ಬರೆಯುವುದು ಎಂಜಿನಿಯರನ ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಪಾಠ ಹೇಳಿಕೊಡುವ ಅಧಿಕಾರ ನಿಟ್ಟೂರಿನ ಕೌಂಟರಿಗೆ ಸಿಗಬೇಕು, ಸಂಬಳದ ಕೆಲಸವೆಂದೇ ಸಿಗಬೇಕು.